ಅವ್ವನ ಕೈಯ ಬದನೆ ಸಸಿ

ಅವ್ವನ ತಿಥಿ ಮುಗಿದ ಮಾರನೆಯ ದಿನವೇ ನಾನು ಬನಶಂಕರಿಯ ರೈತರ ಸಂತೆಗೆ ಹೊರಟೆ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು, "ಇನ್ನೊಂದು ವಾರ ಮನೇಲಿರೋಕೆ ಏನು ನಿಂಗೆ?" ಎಂದು ಗದರಿದಳು. ಸಸಿಗೆ ತಿಥಿ ಗೊತ್ತಾಗುತ್ತದೆಯೇ? ಸುಬ್ರಹ್ಮಣ್ಯಪುರದ ನಮ್ಮ ಮನೆಯ ಹಿಂದೆ ಅವ್ವ ಬಿತ್ತಿದ್ದ ಬದನೆ, ಟೊಮೆಟೊ ಆಗಲೇ ಗೇಣುದ್ದ ಬೆಳೆದು ಬಾಗತೊಡಗಿದ್ದವು. ಇನ್ನೂ ತಡಮಾಡಿದರೆ ಯಾರೂ ಕೊಳ್ಳುವುದಿಲ್ಲ. ಎಲ್ಲವನ್ನೂ ಕಿತ್ತು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅಳು ಬರಲಿಲ್ಲ. ಹಸಿವೂ ಆಗಲಿಲ್ಲ.

ವ್ಯಾಪಾರ ಎಂದಿನಂತೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಬದನೆಯ ಒಂದೇ ಕಟ್ಟು ಉಳಿದಿತ್ತು. ತಾರಸಿಯ ಕುಂಡಗಳಿಗೆಂದು ಪ್ರತಿ ಸಲ ಅವ್ವನ ಹತ್ತಿರವೇ ಕೊಳ್ಳುತ್ತಿದ್ದ ಕತ್ರಿಗುಪ್ಪೆಯ ಹೆಂಗಸು ಬಂದರು. ನಾನು ಕಟ್ಟನ್ನು ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ನಿಮ್ಮಮ್ಮ ಬಂದಿಲ್ವಾ? ಬೇಜಾರು ಮಾಡ್ಕೋಬೇಡಮ್ಮ, ಅವರ ಕೈಗುಣ ಚೆನ್ನಾಗಿದೆ. ಅವರು ಕೊಟ್ಟ ಗಿಡ ಒಂದೂ ಒಣಗಿಲ್ಲ. ಮುಂದಿನ ವಾರ ಅವರ ಕೈಯಿಂದಾನೇ ತಗೋತೀನಿ."

"ಇದೂ ಅವ್ವ ಬಿತ್ತಿದ್ದೇ, ಮೇಡಂ" ಎಂದೆ.

"ಬಿತ್ತೋದಿರ್ಲಿ, ಕೊಡೋ ಕೈ ಮುಖ್ಯ" ಎಂದು ನಗುತ್ತಾ ಹೋದರು. ನಾನು ಕಟ್ಟನ್ನು ಮತ್ತೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ.

ಸ್ವಲ್ಪ ಹೊತ್ತಿಗೆ ಸ್ಕೂಟರಿನವರೊಬ್ಬರು ನಿಂತು ಆ ಕಟ್ಟನ್ನು ಕೇಳಿದರು. ಗೋಣಿಯ ಮೇಲೆ ನೀರು ಚಿಮುಕಿಸುತ್ತಾ ನಾನು ಹೇಳಿದೆ: "ಅದು ಕೊಡಲ್ಲ ಸಾರ್. ಮುಂದಿನ ವಾರ ಅವ್ವ ಬಂದು ಕೊಡ್ತಾಳೆ."