ಹುಚ್ಚಿ ಎಂಬ ಮಾತಿನ ಮರಾಠಿ

ಸುಮಂಗಲಾ, ಪುಣೆಯ ಆ ಖೋಲಿಯಿಂದ ನಿನ್ನನ್ನು ಹೊರಹಾಕಿಸಿದವಳು ನಾನು. ಮನೆಯೊಡತಿ ಕಾಕೂಗೆ ಯಾರೋ ಚಾಡಿ ಹೇಳಿರಬೇಕೆಂದು ನೀನು ಅತ್ತಾಗ ನಿನ್ನ ಬೆನ್ನು ಸವರುತ್ತಿದ್ದ ಕೈ ನನ್ನದು — ಆ ಚಾಡಿಯೂ ನನ್ನದೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬೆಳಗಾವಿಯವಳು, ಎಂ.ಎ. ಓದುತ್ತಿದ್ದೆ, ಮರಾಠಿ ಸಲೀಸು. ನೀನು ಯಾದಗಿರಿ ಕಡೆಯಿಂದ ಆಗಷ್ಟೇ ಬಂದವಳು, ಮರಾಠಿ ಎಂದರೆ ತಡವರಿಸುತ್ತಿದ್ದೆ. ಕಾಲೇಜಿನ ಹಾಸ್ಟೆಲಿನವರು ನಿನ್ನನ್ನು ಬಿಡಿಸಿದ್ದರು; ಹಾಗಾಗಿ ಪೇಠೆಯಲ್ಲಿದ್ದ ಕಾಕೂರ ಹಳೆಯ ವಾಡೆಯ ಬಾಡಿಗೆ ಖೋಲಿಯಲ್ಲಿ ನೀನು ನನ್ನ ಜೊತೆಗಾತಿಯಾದೆ. ಏಕೆ ಬಿಡಿಸಿದರೆಂದು ನೀನು ಹೇಳಲಿಲ್ಲ. ಸುಮ್ಮಸುಮ್ಮನೆ ಯಾರನ್ನಾದರೂ ಬಿಡಿಸುತ್ತಾರೆಯೇ? ಅಂದಿನಿಂದ ನಿನ್ನನ್ನು ಗಮನಿಸತೊಡಗಿದೆ. ಊಟವಾದ ಮೇಲೆ ನೀನು ಗೋಡೆಯ ಕಡೆ ತಿರುಗಿ ಏನೋ ನುಂಗುತ್ತಿದ್ದೆ. ಶನಿವಾರ ಗುಡಿಗೆಂದು ಹೋಗಿ, ಹಣೆಯಲ್ಲಿ ಕುಂಕುಮವಿಲ್ಲದೆ ಬರುತ್ತಿದ್ದೆ. ಹಾಲು ಉಕ್ಕಿದರೆ ಅದು ನಿನ್ನಿಂದ, ಬಾಚಣಿಗೆ ಕಾಣದಿದ್ದರೆ ಅದೂ ನಿನ್ನಿಂದ. ಬಾಚಣಿಗೆ ಕೊನೆಗೆ ನನ್ನ ಚೀಲದಲ್ಲೇ ಸಿಕ್ಕಿತು — ನೀನೇ ತಂದಿಟ್ಟಿರಬೇಕು ಎಂದುಕೊಂಡೆ!

ಒಂದು ಮಧ್ಯಾಹ್ನ ನೀನಾಗಿಯೇ ಬಾಯಿಬಿಟ್ಟೆ. “ಅಕ್ಕಾ, ನನಗ ಮನಸ್ಸಿನ ಬ್ಯಾನಿ ಅದ ರೀ. ಗುಳಿಗಿ ತಗೊಂಡ್ರ ಆರಾಮ ಇರ್ತೀನಿ. ಹಾಸ್ಟೆಲ್‌ನ್ಯಾಗ ಗೊತ್ತಾಗಿ ತಗದುಬಿಟ್ರು. ನೀವು ನಮ್ಮ ಭಾಷಾದವ್ರು ಅಂತ ಹೇಳಾಕತ್ತೀನಿ.”

ಶನಿವಾರ ನೀನು ಹೋಗುತ್ತಿದ್ದುದು ಡಾಕ್ಟರರ ಬಳಿಗೆ. ಎಲ್ಲ ತಿಳಿಯಿತಲ್ಲ — ಅನುಮಾನ ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲ, ಇನ್ನೂ ಏನೇನು ಮುಚ್ಚಿಟ್ಟಿದ್ದಾಳೋ ಎಂದು ಕಾಯಿಪಲ್ಲೆ ಹೆಚ್ಚುವ ಚಾಕುವನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನೀನು ಸೌತೆಕಾಯಿಯನ್ನು ಇಡಿಯಾಗಿ ಕಚ್ಚಿಕೊಂಡು ತಿಂದೆ. ಚಾಕು ಎಲ್ಲಿ ಎಂದು ಕೇಳಲಿಲ್ಲ.

ಆಮೇಲೆ ನಿಮ್ಮವ್ವ ಬಂದರು. ಜೇಜುರಿಯ ಖಂಡೋಬನ ಗುಡಿಯಿಂದ ಮರಳುವ ದಾರಿಯಲ್ಲಿ, ಹಣೆ ತುಂಬ ಅರಿಶಿನದ ಭಂಡಾರ. ನೀನು ಚಹಾ ಮಾಡಲು ಒಳಗೆ ಹೋಗಿದ್ದಾಗ ಕಾಕೂರ ಎರಡೂ ಕೈ ಹಿಡಿದು, “ನಮ್ಮ ಹುಚ್ಚಿನ್ನ ನಿಮ್ಮ ಉಡ್ಯಾಗ ಹಾಕೀನ್ರೀ ಅಕ್ಕಾರ, ನಿಮ್ಮ ಮಗಳಂತ ತಿಳ್ಕೋರಿ” ಎಂದರು.

“ಕಾಯ್ ಮ್ಹಣಾಲ್ಯಾ?” ಏನಂದರು ಎಂದು ಕಾಕೂ ನನ್ನತ್ತ ತಿರುಗಿದರು.

ಹುಚ್ಚಿ. ನಮ್ಮ ಕಡೆ ಯಾವ ತಾಯಿ ಮಗಳನ್ನು ಹಾಗೆ ಕರೆಯುವುದಿಲ್ಲ? ನನ್ನವ್ವನೂ ನನ್ನ ಕೆನ್ನೆ ಹಿಂಡಿ ಅದನ್ನೇ ಅನ್ನುತ್ತಿದ್ದಳು. ಮರಾಠಿಯಲ್ಲೂ ‘ವೇಡೀ’ ಎಂದು ಮುದ್ದು ಮಾಡುತ್ತಾರೆ; ಆದರೆ ಹಾಗೆ ಹೇಳುವಾಗ ನಗಬೇಕು. ನಾನು ನಗಲಿಲ್ಲ. ದನಿ ತಗ್ಗಿಸಿ, “ಮುಲಗೀ ವೇಡೀ ಆಹೇ ಮ್ಹಣಾಲ್ಯಾ” ಎಂದೆ. ಮಗಳಿಗೆ ಹುಚ್ಚು ಎಂದರು — ಅಷ್ಟೇ. ಉಳಿದದ್ದನ್ನು ಹೇಳಲೇ ಇಲ್ಲ. ಕಾಕೂ ಮೆಲ್ಲನೆ ಕೈ ಬಿಡಿಸಿಕೊಂಡರು. ತಮ್ಮ ಮಾತು ಮುಟ್ಟಿತೆಂದು ನಿಮ್ಮವ್ವ ನಗುತ್ತಾ ಅವರ ಹಣೆಗೆ ಭಂಡಾರ ಹಚ್ಚಲು ಹೋದರು. ಕಾಕೂ ಹಿಂದೆ ಸರಿದರು.

ವಾರದೊಳಗೆ ಖೋಲಿ ಖಾಲಿ ಮಾಡಲು ಹೇಳಿದರು. “ನೀವೊಂದ್ ಮಾತ ಹೇಳ್ರೀ ಅಕ್ಕಾ, ನಿಮ್ಮ ಮಾತ ಕೇಳ್ತಾರ” ಎಂದು ನೀನು ಬೇಡಿಕೊಂಡೆ. ನಾನು ಒಳಗೆ ಹೋಗಿ, ಬರೀ ನೀರು ಕುಡಿದು, ಹೊರಬಂದು, “ಒಪ್ಪಲಿಲ್ಲ” ಎಂದೆ. ನೀನು ನನಗೆ ಕೈಮುಗಿದೆ. ಖೋಲಿ ಹುಡುಕುತ್ತಾ ಊರಂಚಿನ ಕೊಂಢವಾವರೆಗೂ ನೀನು ಅಲೆದೆ; ಎಲ್ಲೂ ಜಾಗ ಸಿಗದೆ, ಪರೀಕ್ಷೆಗೂ ಕೂರದೆ, ಓದು ಬಿಟ್ಟು ಊರಿಗೆ ಹೋದೆ.

ಹೆದರಿಕೆಯಿಂದ ಹಾಗೆ ಹೇಳಿದೆ — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಇದನ್ನೇ. ಈಗ ಈ ಮಾತಿನ ಮೇಲೂ ನನಗೆ ಅನುಮಾನ. ನೀನು ಹೋದ ದಿನವೇ ಕಿಟಕಿ ಪಕ್ಕದ ನಿನ್ನ ಮಂಚಕ್ಕೆ ನನ್ನ ಹಾಸಿಗೆ ಸಾಗಿಸಿದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು. ಒಳ್ಳೆಯ ನಿದ್ದೆ ಬಂತು. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ನಿನಗೆ ನಿಜವಾಗಿ ಹೆದರಿದವಳು ನಿನ್ನ ಮಂಚದಲ್ಲಿ ಅಷ್ಟು ಸುಖವಾಗಿ ಮಲಗುತ್ತಿದ್ದಳೇ? ಆ ಜಾಗ ನನಗೆ ಬೇಕಿತ್ತು, ಸುಮಂಗಲಾ.