ಸ್ವರ್ಣಲತಾ ಆಂಟಿಗೆ ಒಂದು ಮಾತು ಸಿಕ್ಕಿತು

ಸಿಂಗಪುರದ ಟಿವಿಯನ್ನು ಬಿಡದೆ ನೋಡುವವರಿಗೆ ಸ್ವರ್ಣಲತಾ ಆಂಟಿಯ ಮುಖ ಗೊತ್ತು, ಹೆಸರು ಗೊತ್ತಿಲ್ಲ. ಲಿಫ್ಟಿನಲ್ಲಿ ನಾಯಕನ ಹಿಂದೆ ತರಕಾರಿ ಚೀಲ ಹಿಡಿದು ನಿಂತ ಹೆಂಗಸು ಅವರೇ. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಬಂಧುವೂ ಅವರೇ. ಒಂದು ಧಾರಾವಾಹಿಯಲ್ಲಂತೂ ಹೆಣವಾಗಿ ಮಲಗಿ, ಮೂಗಿನ ಮೇಲೆ ನೊಣ ಕೂತರೂ ಅಲುಗದೆ ಶಹಬ್ಬಾಸ್ ಅನ್ನಿಸಿಕೊಂಡಿದ್ದರು. ಮದುವೆಯಾಗಿ ಉಡುಪಿಯಿಂದ ಬಂದ ಹೊಸದರಲ್ಲಿ ಶುರುವಾದ ನಂಟು, ತಲೆ ಬೆಳ್ಳಗಾಗುವವರೆಗೂ ನಡೆದುಬಂತು. ಆದರೆ ಅಷ್ಟೂ ವರ್ಷ ಕ್ಯಾಮೆರಾದ ಮುಂದೆ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕೊಟ್ಟವರೇ ಇರಲಿಲ್ಲ.

ರಂಗದ ಮೇಲೆ ಹಾಗಲ್ಲ ನೋಡಿ. ಇಲ್ಲಿನ ಕನ್ನಡಿಗರ ವರ್ಷದ ನಾಟಕದಲ್ಲಿ ಅವರು ರಾಣಿಯಾಗಿದ್ದುಂಟು, ಬಾಯಿ ಜೋರಿನ ಅತ್ತೆಯಾಗಿದ್ದುಂಟು. ಗಂಡಸರು ಕಡಿಮೆ ಬಿದ್ದ ಒಂದು ವರ್ಷ ಇನ್‌ಸ್ಪೆಕ್ಟರ್ ಕೂಡ ಆಗಿದ್ದರು. ನಡುವೆ ಮೀಸೆ ಕಿತ್ತುಬಂತು. ಆಂಟಿ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಏನೂ ಆಗದವರಂತೆ ಕಳ್ಳನ ಕೊರಳಪಟ್ಟಿ ಹಿಡಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಈ ಎಲ್ಲ ಪಾತ್ರಗಳ ಹಿಂದೆ ಒಂದು ಪಿಸುದನಿ ಇತ್ತು. ಗಂಡ ತನಿಯಪ್ಪನವರದು. ಹಗಲು ಟುವಾಸಿನ ಕಾರ್ಖಾನೆಯಲ್ಲಿ ಎಂಜಿನಿಯರ್, ನಾಟಕದ ದಿನ ಎಡಗಡೆಯ ಪರದೆಯ ಸಂದಿಯಲ್ಲಿ ಮಾತು ಎತ್ತಿಕೊಡುವ ಪ್ರಾಂಪ್ಟರ್. ಆಂಟಿಗೆ ಮಾತೆಲ್ಲ ಬಾಯಿಪಾಠವೇ. ಆದರೂ ಎಡಗಿವಿಗೆ ಗಂಡನ ದನಿ ಬಿದ್ದ ಮೇಲೆಯೇ ನಾಲಿಗೆ ಹೊರಳಬೇಕು. ಹಾಗೆ ರೂಢಿಯಾಗಿಬಿಟ್ಟಿತ್ತು.

ಒಂದು ಸಂಜೆ ಟಿವಿಯಲ್ಲಿ ಅಮೆರಿಕದ ಹಿರಿಯ ಕಪ್ಪು ನಟಿಯೊಬ್ಬರ ಬದುಕಿನ ಕಥೆ ಬಂತು. ವರ್ಷಗಟ್ಟಲೆ ಬಿಳಿಯರ ಮನೆಯ ಕೆಲಸದವಳ ಪಾತ್ರದಲ್ಲಿ ಟ್ರೇ ಹಿಡಿದು ಬಾಗಿಲಲ್ಲಿ ನಿಂತಾಕೆ, ಮುಪ್ಪಿನಲ್ಲಿ ಇಡೀ ನಾಟಕವನ್ನು ಒಬ್ಬರೇ ಹೊತ್ತು ನಡೆಸಿದ್ದರು.

“ಕಂಡ್ರಾ? ಆ ಅಮ್ಮನಿಗೂ ಮೊದ್ಲು ಬರೀ ಟ್ರೇ ಕೊಟ್ಟದ್ದು!”

“ನಿಂಗೆ ತರಕಾರಿ ಚೀಲ ಕೊಟ್ಟಿದ್ದಾರಲ್ಲ ಮಾರಾಯ್ತಿ, ಸ್ವಲ್ಪ ಕಾಯಿ,” ಎಂದರು ತನಿಯಪ್ಪ.

ಕಾದದ್ದಕ್ಕೆ ಫಲ ಬಂತು. ಬ್ಯೂನಾ ವಿಸ್ಟಾದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ ವರ್ಷಾ ಒಂದು ಕನ್ನಡ ಕಿರುಚಿತ್ರಕ್ಕೆ ಕೈ ಹಾಕಿದಳು. ಆಂಟಿಗೆ ಅದರಲ್ಲಿ ಈಚೆಗಷ್ಟೇ ಗಂಡನನ್ನು ಕಳೆದುಕೊಂಡವಳ ಪಾತ್ರ. ಪಕ್ಕದ ಮನೆಯಾಕೆ “ಊಟ ಆಯ್ತಾ?” ಎಂದಾಗ ಆಂಟಿ ಹೇಳಬೇಕಾದ್ದು ಒಂದೇ ಮಾತು: “ಇಬ್ಬರಿಗೆ ಆಗೋಷ್ಟು ಅಕ್ಕಿ ಹಾಕ್ಬಿಟ್ಟೆ, ಇವತ್ತೂ.”

ಯಿಶುನ್‌ನಲ್ಲಿ ಆಂಟಿ ಇರುವ ಬ್ಲಾಕಿನ ವಾಯ್ಡ್ ಡೆಕ್‌ನಲ್ಲೇ, ಅಂದರೆ ನೆಲಮಟ್ಟದ ಕಂಬಗಳ ನಡುವಿನ ತೆರೆದ ಜಾಗದಲ್ಲೇ, ಶೂಟಿಂಗ್. ಪಕ್ಕದ ಮನೆಯಾಕೆಯ ಪಾತ್ರದ ರಜನಿ ಪ್ರಶ್ನೆ ಕೇಳಿದಳು. ಆಂಟಿ ತಲೆಯನ್ನು ಎಡಕ್ಕೆ ಓರೆ ಮಾಡಿದರು. ಮಾತಿಲ್ಲ.

“ಕಟ್! ಆಂಟಿ, ಲೈನ್ ಮರ್ತ್ಹೋಯ್ತಾ?”

“ಇಲ್ಲಮ್ಮ, ನಾಲಿಗೆ ತುದೀಲೇ ಇದೆ.”

ಮತ್ತೆ ತೆಗೆದರು. ಮತ್ತೆ ತಲೆ ಓರೆ, ಮತ್ತೆ ಮೌನ. ಸಂಜೆಗೆ ಅದೇ ಜಾಗದಲ್ಲಿ ಯಾರದೋ ಬರ್ತ್‌ಡೇ ಪಾರ್ಟಿ. ಬಲೂನಿನವರು ಆಗಲೇ ಬಂದು ನಿಂತಿದ್ದರು. ವರ್ಷಾ ಮೆಲ್ಲಗೆ ಹತ್ತಿರ ಬಂದಳು.

“ಟೆನ್ಶನ್ ಬೇಡ ಆಂಟಿ. ಡೈಲಾಗ್ ಡ್ರಾಪ್ ಮಾಡೋಣ. ನಿಮ್ಮ ಫೇಸೇ ಸಾಕು.”

ಇಷ್ಟು ವರ್ಷವೂ ಮುಖವೇ ಸಾಕಾಗಿತ್ತಲ್ಲ! “ಇನ್ನೊಂದ್ಸಲ ಕಣಮ್ಮ,” ಎಂದು ಆಂಟಿ ಅಂಗಲಾಚಿದರು.

ಈ ಸಲ ರಜನಿ ಕೇಳಿದ್ದೇ ತಡ, ಎಡಗಡೆಯ ಕಂಬ ಮಾತಾಡಿತು: “ಇಬ್ಬರಿಗೆ ಆಗೋಷ್ಟು…” ಆಂಟಿಯ ಬಾಯಿಂದ ಮಾತು ಹೂವಿನಂತೆ ಉದುರಿತು. ವರ್ಷಾ ಚಪ್ಪಾಳೆ ಹೊಡೆದಳು. ಸೌಂಡ್ ನೋಡಿಕೊಳ್ಳುವ ಅವಿನಾಶ್ ಮಾತ್ರ ಹೆಡ್‌ಫೋನ್ ಕಿತ್ತಿಟ್ಟ.

“ಸತ್ತ ಗಂಡನ ವಾಯ್ಸ್ ಫುಲ್ ಕ್ಲಿಯರಾಗಿ ರೆಕಾರ್ಡ್ ಆಗಿದೆ!”

ಕಂಬದ ಹಿಂದಿನಿಂದ ಫ್ಲಾಸ್ಕ್ ಹಿಡಿದ ತನಿಯಪ್ಪ ಹೊರಬಂದರು.

“ಅಂಕಲ್! ಕಥೆ ಪ್ರಕಾರ ನೀವು ಸತ್ತು ತಿಂಗಳಾಯ್ತು!” ಎಂದಳು ವರ್ಷಾ.

“ಸತ್ರೂ ಇವ್ಳಿಗೆ ಪ್ರಾಂಪ್ಟ್ ಮಾಡೋರು ಬೇಡ್ವಾ ಮಾರಾಯ್ರೆ?”

ಬಲೂನಿನವರೂ ಸೇರಿ ಎಲ್ಲರೂ ನಕ್ಕರು. ವರ್ಷಾ ಅಂಕಲ್‌ರನ್ನು ಹಾಕರ್ ಸೆಂಟರ್‌ಗೆ ಕಾಫಿ ಕುಡಿಯಲು ಅಟ್ಟಿದಳು. ಹೊರಟವರು ಬ್ಲಾಕಿನ ಮೂಲೆ ದಾಟುವವರೆಗೂ ತಿರುತಿರುಗಿ ನೋಡಿದರು.

ಇದೇ ಕೊನೆಯ ಸಲ. “ಊಟ ಆಯ್ತಾ ಆಂಟಿ?”

ಆಂಟಿಯ ತಲೆ ತಾನಾಗಿ ಎಡಕ್ಕೆ ವಾಲಿತು. ಕಿವಿಗೊಟ್ಟರು. ಕಂಬವಿತ್ತು, ದನಿ ಇರಲಿಲ್ಲ. ದೂರದಲ್ಲಿ ಎಂಆರ್‌ಟಿ ರೈಲು ಹಾದುಹೋಯಿತು. ಈ ಎಡಗಡೆ ಒಂದು ದಿನ ಹೀಗೇ ಸುಮ್ಮನಾಗಿಬಿಟ್ಟರೆ? ಆಂಟಿಯ ತುಟಿ ಅದುರಿತು. ಹಿಂದೆಯೇ, ಕಾಫಿ ಕಪ್ಪಿನ ಮುಂದೆ ಚಡಪಡಿಸುತ್ತಿರುವ ಗಂಡನ ಮುಖ ನೆನಪಾಗಿ ಒಂದು ಎಳೆ ನಗೆ ಸುಳಿಯಿತು.

“ಇಬ್ಬರಿಗೆ ಆಗೋಷ್ಟು ಅಕ್ಕಿ ಹಾಕ್ಬಿಟ್ಟೆ… ಇವತ್ತೂ.”

ವರ್ಷಾ ಕಟ್ ಅನ್ನುವುದನ್ನೇ ಮರೆತಳು. ಆಮೇಲೆ ಕೇಳಿದಳು: “ಹಾಗೆ ಕಿವಿಗೊಟ್ಟು ಕಾಯೋದನ್ನ ಎಲ್ಲಿ ಕಲಿತ್ರಿ ಆಂಟಿ?”

“ಕಲ್ತದ್ದಲ್ಲಮ್ಮ. ಕೆಟ್ಟ ಅಭ್ಯಾಸ!”

ಚಿತ್ರ ತೋರಿಸಿದ ದಿನ ಚಿಕ್ಕ ಸಭಾಂಗಣ ತುಂಬಿತ್ತು. ಆಂಟಿಯ ಎಡಗಡೆ ತನಿಯಪ್ಪ, ಮುಂದಿನ ಸಾಲಿನಲ್ಲಿ ರಜನಿಯ ಪುಟ್ಟ ಮಗಳು ಅಪೇಕ್ಷಾ. ಪರದೆಯ ಮೇಲೆ ಆಂಟಿ ತಲೆ ಓರೆ ಮಾಡಿ ಕಾದರು. ಜನ ಉಸಿರು ಬಿಗಿಹಿಡಿದರು. ಕತ್ತಲಲ್ಲಿ ತನಿಯಪ್ಪನವರಿಗೆ ತಡೆಯಲಾಗಲಿಲ್ಲ.

“ಇಬ್ಬರಿಗೆ ಆಗೋಷ್ಟು ಅಕ್ಕಿ…”

ಅಪೇಕ್ಷಾ ಗರಕ್ಕನೆ ತಿರುಗಿ ಸಿಂಗಪುರದ ಮಕ್ಕಳ ಧಾಟಿಯಲ್ಲೇ ಗದರಿದಳು. “ಅಂಕಲ್, ಅವ್ರಿಗೆ ಗೊತ್ತು ಲಾ!”

ಸಭೆಯೆಲ್ಲ ಘೊಳ್ಳೆಂದಿತು. ಅಷ್ಟು ವರ್ಷ ಕಾದು ಪಡೆದ ಮಾತು ಆ ನಗೆಯಲ್ಲಿ ಕೊಚ್ಚಿಹೋಗಿ ಯಾರಿಗೂ ಕೇಳಿಸಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಸ್ವರ್ಣಲತಾ ಆಂಟಿಯೇ. ಅವರ ತಲೆಯೂ ಆಗಲೇ ಗಂಡನ ಕಡೆಗೆ ವಾಲಿತ್ತು.

“ಹಿಂದಕ್ಕೆ ಹಾಕಮ್ಮ ವರ್ಷಾ,” ಎಂದರು ಕಣ್ಣೊರೆಸಿಕೊಳ್ಳುತ್ತ. “ಇನ್ನೊಂದ್ಸಲ ನೋಡೋಣ. ಇವರ ಬಾಯಿ ನಾನು ಮುಚ್ಚಿ ಹಿಡ್ಕೊಳ್ತೇನೆ.”