ದೀಪ ಆರಿಸಿದ ಮೇಲಿನ ಮಾತು

ಬೀದಿಯವರಿಗೆಲ್ಲ ಅವನು ಮೇಜರ್. ಸೈನ್ಯದಲ್ಲಿದ್ದಾಗ ಫಿರಂಗಿಗೆ ಗುಂಡು ತುಂಬುವ ಸಾದಾ ಸಿಪಾಯಿ. ಮೇಜರ್ ಆಗಿದ್ದು ಸೈಕಲ್ ರಿಪೇರಿ ಅಂಗಡಿ ಇಟ್ಟ ಮೇಲೆ, ಆ ಮೀಸೆಯ ದೆಸೆಯಿಂದ. ಮೀಸೆಗಿಂತ ದೊಡ್ಡದು ಅವನ ಜಂಬ. ಹರೆಯದಲ್ಲಿ ಪಕ್ಕದಲ್ಲೇ ಫಿರಂಗಿ ಸಿಡಿದು ಎರಡೂ ಕಿವಿ ಹೋಗಿದ್ದವು. ಆದರೂ ಸೈನ್ಯ ಬಿಡುವ ದಿನ ಡಾಕ್ಟರು ತೊಂದರೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಎದೆ ಸೆಟೆಸಿ, "ಏನೂ ತೊಂದ್ರೆ ಇಲ್ಲ ಸರ್!" ಎಂದಿದ್ದ. ಇದೆ ಎಂದವರನ್ನು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಇವನಿಗೋ ಹೆಂಡತಿಯ ಮುಖ ನೋಡುವ ಆತುರ. ತುಟಿ ನೋಡಿಯೇ ಮಾತು ಹಿಡಿಯುವುದನ್ನು ಅಷ್ಟರಲ್ಲೇ ಕಲಿತಿದ್ದ. ಎಷ್ಟೋ ಗಿರಾಕಿಗಳಿಗೆ ಅವನು ಕಿವುಡನೆಂದು ಇಂದಿಗೂ ಗೊತ್ತಿಲ್ಲ.

ಈಗ ಕೈ ನಡುಗಿ ಅಂಗಡಿ ಮುಚ್ಚಿತ್ತು. ಅಂಗವೈಕಲ್ಯ ಪಿಂಚಣಿಯನ್ನು ಸೈನ್ಯ ಬಿಟ್ಟ ದಿನದಿಂದಲೇ ಕೊಡಬೇಕೆಂದು ಅರ್ಜಿ ಹಾಕಿಸಿದವಳು ಹೆಂಡತಿ. ಸಿಕ್ಕರೆ ತಮ್ಮ ಮನೆ, ತಮ್ಮ ಒಲೆ. ಸಿಗದಿದ್ದರೆ ಅಳಿಯನ ಮನೆಯ ಮೂಲೆಯೇ ಗತಿ.

"ಡಾಕ್ಟ್ರ ಬಾಯಿ ನೋಡಿ ಉತ್ತರ ಕೊಟ್ರೆ ಕಿವಿ ಸರಿ ಇದೆ ಅಂದ್ಕೋತಾರೆ ರೀ. ನೆಲ ನೋಡ್ತಾ ನಿಲ್ಲಿ," ಎಂದು ಸೈನ್ಯದ ಆಸ್ಪತ್ರೆಗೆ ಪರೀಕ್ಷೆಗೆ ಬರುವ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು. ಆದರೆ ಮೇಲಧಿಕಾರಿಯ ಮುಂದೆ ನೆಲ ನೋಡುವುದು ಯಾವ ಸಿಪಾಯಿಗೆ ಬರುತ್ತದೆ? ಮೂವರು ಡಾಕ್ಟರುಗಳನ್ನು ಕಂಡದ್ದೇ ತಡ, ಗಲ್ಲ ಎತ್ತಿ ನೆಟ್ಟಗೆ ನಿಂತುಬಿಟ್ಟ. ಅವಳಿಗೆ ಕುರ್ಚಿ ಸಿಕ್ಕಿದ್ದು ಅವನ ಬೆನ್ನ ಹಿಂದೆ, ಗೋಡೆಯ ಪಕ್ಕ.

"ಕಿವಿ ಪರೀಕ್ಷೆ ಮಷಿನ್ ಪ್ರಕಾರ ನಿಮ್ಗೆ ಏನೂ ಕೇಳಲ್ಲ," ಎಂದರು ಹಿರಿಯ ಡಾಕ್ಟರು. "ಆದ್ರೆ ಮಷಿನ್ ಮುಂದೆ ಯಾರು ಬೇಕಾದ್ರೂ ಸುಮ್ನೆ ಕೂರಬಹುದು. ನನ್ನ ಮಾತು ಕೇಳ್ತಾ ಇದೆಯಾ?"

"ಕೇಳ್ತಿದೆ ಸರ್!"

ಅವಳು ಹಣೆ ಚಚ್ಚಿಕೊಂಡಳು. ಕೈಯಾರೆ ಬಾಯಿಗೆ ಮಣ್ಣು ಹಾಕಿಕೊಂಡನಲ್ಲ ಈ ಮಹಾರಾಯ!

"ಬೆಳಿಗ್ಗೆ ಏನು ತಿಂದ್ರಿ?"

"ಬ್ರೆಡ್ಡು, ಚಹಾ ಸರ್!"

ಡಾಕ್ಟರುಗಳು ಮುಖ ಮುಖ ನೋಡಿಕೊಂಡರು. ಒಬ್ಬರು ಪೆನ್ನಿನ ಮುಚ್ಚಳ ತೆಗೆದರು. ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅವನ ಬೆನ್ನಿಗೇ ಕೂಗಿದಳು:

"ರೀ, ಆ ದರಿದ್ರ ಮೀಸೆ ಇವತ್ತೇ ಬೋಳಿಸಿಬಿಡಿ!"

ಮೀಸೆಯ ತಂಟೆಗೆ ಬಂದ ಗಿರಾಕಿಯನ್ನು ಅಂಗಡಿಯಿಂದ ಓಡಿಸಿದ ಮನುಷ್ಯ ಅವನು. ಈಗ ಕದಲಲಿಲ್ಲ.

ಹಿರಿಯ ಡಾಕ್ಟರು ಕಾಗದದತ್ತ ಬಗ್ಗಿಯೇ ಅಂದರು: "ಇದು ನಾಟಕ ಅಲ್ಲ ಅಂತ ಹೇಗೆ ನಂಬೋದಮ್ಮಾ? ನಿಜಾನೇ ಇರ್ಲಿ, ವಯಸ್ಸಾಗಿ ಬಂದ ಕಿವುಡು ಇರಬಹುದಲ್ಲ?"

"ವಯಸ್ಸಾಗಿಯಾ ಸಾಹೇಬ್ರೆ?" ಅವಳ ದನಿ ಒಡೆಯಿತು. "ಮದುವೆಯಾದ ಹೊಸದ್ರಲ್ಲಿ, ರಜೆಗೆ ಬಂದಾಗ, ದೀಪ ಆರಿಸಿದ್ಮೇಲೂ ಮಾತಾಡ್ತಾನೇ ಮಲಗ್ತಿದ್ವಿ. ಸೈನ್ಯ ಬಿಟ್ಟು ಬಂದ ರಾತ್ರಿಯಿಂದ, ಕತ್ತಲಲ್ಲಿ ನಾನಾಡಿದ ಒಂದು ಮಾತಿಗೂ ಇವರು ಉತ್ತರ ಕೊಟ್ಟಿಲ್ಲ. ಆ ವರ್ಷವೇ ನಮ್ಮ ಮೊದಲನೇ ಮಗು ಹೋಯ್ತು. ಅವತ್ತು ರಾತ್ರಿ ಇವರ ಬೆನ್ನಿಗೆ ಮುಖ ಒತ್ತಿ ಕೂಗಿ ಕೂಗಿ ಅತ್ತೆ. ಅಂಗಿ ಒದ್ದೆಯಾಗಿ ಮೈಗೆ ತಣ್ಣಗಾದ್ಮೇಲೆ ಎದ್ದು ಕೂತ್ರು."

ಮೂವರೂ ತನ್ನ ಹೆಗಲಾಚೆ ನೋಡುತ್ತಿರುವುದು ಅವನಿಗೆ ಕಂಡಿತು. ಒಬ್ಬರ ತುಟಿಯೂ ಅಲುಗುತ್ತಿರಲಿಲ್ಲ. ಏನು ಕೇಳಿದರೋ, ತಾನೆಲ್ಲಿ ತಪ್ಪಿಸಿಕೊಂಡೆನೋ ಎಂದು ಗಾಬರಿಯಾಯಿತು. ಹಿಮ್ಮಡಿ ಜೋಡಿಸಿ ಎದೆ ಸೆಟೆಸಿದ.

"ಏನೂ ತೊಂದ್ರೆ ಇಲ್ಲ ಸರ್!"

ಹಿರಿಯ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕಾಗದ ಎಳೆದುಕೊಂಡು, ಅವನು ಸೈನ್ಯ ಬಿಟ್ಟ ದಿನದ ತಾರೀಖನ್ನು ಬರೆದರು.